ಇಪ್ಪತ್ತು ಬಿಟ್ಟು ಇಪ್ಪತ್ತು

ಮೊನ್ನೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಕ್ಯಾಬ್ ಪಕ್ಕಕ್ಕೆ ಒಂದು ಈರುಳ್ಳಿ ಲಾರಿ ಬಂದು ನಿಂತಿತು. ಎರಡು ದಿನದ ಮಳೆಗೆ ನೆನೆದ ಗೋಣಿಚೀಲಗಳು. ಅರ್ಧ ಸಿಹಿ, ಅರ್ಧ ಕೊಳೆತ ಆ ವಾಸನೆ ಒಳಗೆ ನುಗ್ಗಿದ್ದೇ ತಡ, ಡ್ರೈವರ್ ಮುಖ ಸಿಂಡರಿಸಿ ಗಾಜು ಏರಿಸಿದ. ಇಳಿಸಿ ಪರವಾಗಿಲ್ಲ ಎಂದೆ.

“ಏನ್ ಮೇಡಂ, ಈ ವಾಸ್ನೆ ಇಷ್ಟಾನಾ?”

ಇಷ್ಟವೇನಲ್ಲ. ಆ ವಾಸನೆ ಮೂಗಿಗೆ ಬಡಿದರೆ ಕೂತಲ್ಲಿ ಕೂರಲು ಆಗುವುದಿಲ್ಲ ನನಗೆ. ಸಿಗ್ನಲ್ ಹಸಿರಾಗುವವರೆಗೆ ಸೀಟಿನ ತುದಿಗೆ ಸರಿದು, ಹಿಂದೆ ಸರಿದು, ಮೊಬೈಲ್ ತೆಗೆದು, ಒಳಗಿಟ್ಟು, ಒದ್ದಾಡಿದೆ. ಮೂರು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತಾರು. ಮನೆ ಯಲಹಂಕ ನ್ಯೂ ಟೌನ್‌ನಲ್ಲಿ, ಕೆಲಸ ಆರ್.ಟಿ. ನಗರದಲ್ಲಿ, ನಡುವೆ ದಿನಕ್ಕೆರಡು ಸಲ ಹೆಬ್ಬಾಳದ ಫ್ಲೈಓವರ್. ನಾನು ಹುಟ್ಟಾ ಅವಸರದವಳು. ಅನ್ನ ಬೇಯುವ ಮುಂಚೆ ಕುಕ್ಕರ್ ತೆಗೆಯಲು ಹೋಗಿ ಬೈಸಿಕೊಂಡವಳು. “ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಗಾದೆ ಗಂಡಸರಿಗೆ ಮಾಡಿದ್ದು ಎಂದು ನಾನು ನಗುತ್ತಿದ್ದೆ.

ನಮ್ಮ ಆಫೀಸು ಬೇಕರಿಯೊಂದರ ಮೇಲಿನ ಮಹಡಿ. ಒಟ್ಟು ಐದು ಜನ. ಯಜಮಾನ ಇರ್ಫಾನ್, ನನಗಿಂತ ಆರು ವರ್ಷ ದೊಡ್ಡವನು, ಗಂಡು ಹೆಣ್ಣೆನ್ನದೆ ಎಲ್ಲರನ್ನೂ ‘ಗುರು’ ಎನ್ನುವವನು. ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟು, ದಾಖಲೆ ಇಡುವ ಆ್ಯಪು ಮಾಡಿಕೊಡುವುದು ನಮ್ಮ ಕೆಲಸ. ಆ ವರ್ಷ ಬೇಸಿಗೆಯ ಕೊನೆಗೆ ಕೆಂಪಾಪುರದ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯ ಕೆಲಸ ಬಂತು. ಅವರು ಅಬ್ಬಿಗೆರೆ, ಜಕ್ಕೂರು, ಸುತ್ತಲಿನ ಬಡಾವಣೆಗಳಲ್ಲಿ ಶಿಬಿರ ಮಾಡಿ ಕಣ್ಣಲ್ಲಿ ಪೊರೆ ಬಂದವರ ಹೆಸರು ಬರೆದುಕೊಂಡು ಸರದಿ ಸಂಖ್ಯೆಯ ಚೀಟಿ ಕೊಡುತ್ತಿದ್ದರು. ಸರದಿ ಬಂದಾಗ ಫೋನು ಮಾಡಿ ಕರೆಸಿ ಉಚಿತವಾಗಿ ಆಪರೇಷನ್ ಮಾಡುತ್ತಿದ್ದರು. ಸರದಿಯ ಪಟ್ಟಿ ಇದ್ದದ್ದು ಒಂದು ಉದ್ದನೆಯ ಪುಸ್ತಕದಲ್ಲಿ. ಆ ಪುಸ್ತಕ ಇದ್ದದ್ದು ಸರೋಜಕ್ಕನ ಕೈಯಲ್ಲಿ.

ಸರೋಜಕ್ಕ ಜಕ್ಕೂರಿನ ಹಳೇ ಊರಿನವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ. ಕೆಲಸ ಮಾಡಬೇಕಾದ ಗತಿ ಅವರಿಗೇನೂ ಇರಲಿಲ್ಲ. ಯಾಕೆ ಬರುತ್ತೀರಿ ಅಕ್ಕ ಎಂದರೆ, “ಮನೇಲಿ ಕುಂತ್ಕಂಡು ಲಿಫ್ಟು ಏರಾದು ಇಳಿಯಾದು ನೋಡ್ತಾ ಇರ್ಲಾ?” ಎನ್ನುತ್ತಿದ್ದರು. ಅವರ ಪುಸ್ತಕದ ಪ್ರತಿ ಪುಟಕ್ಕೆ ಇಪ್ಪತ್ತು ಗೆರೆ, ಗೆರೆಗೊಂದು ಹೆಸರು. ದಿನಕ್ಕೆ ಒಂದು ಪುಟ. ಫೋನು ಮಾಡಿ ಮಾತಾಡಿದ ಮೇಲೆ ಆ ಹೆಸರಿನ ಮೇಲೆ ಕೆಂಪು ಗೆರೆ. ಪುಟ ಮುಗಿದರೆ ಹಳೇ ಕ್ಯಾಲೆಂಡರಿನ ಹಾಳೆ ಸಿಕ್ಕಿಸಿ ಪುಸ್ತಕ ಮುಚ್ಚುವುದು, ಮರುದಿನ ಅಲ್ಲಿಂದ ಮುಂದಕ್ಕೆ. ಹನ್ನೊಂದು ವರ್ಷ ಹೀಗೆ ನಡೆಸಿದ್ದರು. ಒಬ್ಬರೂ ತಪ್ಪಿಹೋಗಿರಲಿಲ್ಲ.

ನಾನು ಮೂರು ವಾರದಲ್ಲಿ ಆ ಪುಸ್ತಕವನ್ನು ಪರದೆಗೆ ತಂದೆ. ಆರು ನೂರು ಹೆಸರು, ಪುಟಕ್ಕೆ ಇಪ್ಪತ್ತರಂತೆ ಮೂವತ್ತು ಪುಟ. ಚೀಟಿ ಸಂಖ್ಯೆಯ ಕ್ರಮದಲ್ಲಿ ಹಳಬರು ಮೊದಲು. ಮೇಲೆ ಬಾಣದ ಗುರುತು ಒತ್ತಿದರೆ ಹೆಸರಿನ ಪ್ರಕಾರವೋ ಊರಿನ ಪ್ರಕಾರವೋ ಪಟ್ಟಿ ತಾನಾಗಿಯೇ ಜೋಡಣೆಯಾಗುತ್ತಿತ್ತು. ಮೊದಲ ಸಲ ಸರೋಜಕ್ಕ ತಿಳಿಯದೆ ಅದನ್ನು ಒತ್ತಿ, ಪಟ್ಟಿಯೆಲ್ಲ ಅದಲುಬದಲಾದದ್ದು ನೋಡಿ, “ಅಯ್ಯಯ್ಯೋ, ಎಲ್ಲಾ ಚೆಲ್ಲೋಯ್ತು” ಎಂದು ಎದ್ದು ನಿಂತಿದ್ದರು. ಹುಡುಕಲು ಒಂದು ಚೌಕವಿತ್ತು. ಫೋನು ಮಾಡಿದವರ ಮುಂದೆ ಸರಿ ಗುರುತು ಹಾಕಿ ಉಳಿಸಿದರೆ ಆ ಹೆಸರುಗಳು ಪಟ್ಟಿಯಿಂದ ಮಾಯವಾಗುತ್ತಿದ್ದವು. ಫೋನು ಎತ್ತದವರದ್ದು ಬೇರೆ ಪಟ್ಟಿಗೆ ಹೋಗುತ್ತಿತ್ತು. ಈ ಮಾಯವಾಗುವುದೇ ನನ್ನ ಜಂಬದ ಸಂಗತಿ.

“ಎಸ್ರು ಎಲ್ಲೋಯ್ತು?” ಎಂದರು ಸರೋಜಕ್ಕ.

“ಕರೆದಾಯ್ತಲ್ಲ ಅಕ್ಕ, ಹೋಯ್ತು. ಇನ್ನು ಕರೀಬೇಕಾದವ್ರು ಮಾತ್ರ ಇರ್ತಾರೆ. ನೀಟಾಗಿರುತ್ತೆ.”

“ಓಗ್‌ಬಾರ್ದು ಕಣಮ್ಮ. ಗೆರೆ ಎಳುದ್ರೆ ಸಾಕು. ಕರ್ದೋರೂ ಅಲ್ಲೇ ಇರ್ಲಿ, ಕಣ್ಮುಂದೆ.”

“ಇದು ಪುಸ್ತಕ ಅಲ್ಲ ಅಕ್ಕ” ಎಂದೆ. ಎಂದ ಧಾಟಿ ಈಗಲೂ ಕಿವಿಯಲ್ಲಿದೆ. ಮಗುವಿಗೆ ಹೇಳುವ ಹಾಗೆ ಹೇಳಿದ್ದೆ.

ಅವರು ಇನ್ನೊಂದು ಕೇಳಿದರು. ಕ್ಯಾಲೆಂಡರ್ ಹಾಳೆ ಸಿಕ್ಕಿಸಿದ ಹಾಗೆ, ನಿನ್ನೆ ಎಲ್ಲಿಗೆ ನಿಲ್ಲಿಸಿದೆ ಅನ್ನುವುದು ಇದಕ್ಕೆ ನೆನಪಿರಬೇಕು. ಇದೊಂದನ್ನು ಮಾಡಿಕೊಟ್ಟೆ. ಮೊದಲ ಪುಟ ಮುಗಿಸಿ ಮುಚ್ಚಿದರೆ ಮರುದಿನ ತಾನಾಗಿ ಎರಡನೇ ಪುಟಕ್ಕೇ ತೆರೆದುಕೊಳ್ಳುತ್ತಿತ್ತು. ಸರೋಜಕ್ಕನಿಗೆ ಖುಷಿಯಾಯಿತು. ಇಷ್ಟಾದ ಮೇಲೂ ನನಗೆ ಸಮಾಧಾನವಿಲ್ಲ. ಪಟ್ಟಿಯ ತಲೆಯ ಮೇಲೆ ‘ಇನ್ನೂ ಇಷ್ಟು ಜನ’ ಎಂಬ ಸಂಖ್ಯೆ ಬರುತ್ತಿತ್ತು. ಜೊತೆಗೆ ಏರಿಸಿದ್ದ ಹನ್ನೊಂದು ವರ್ಷದ ಹಳೇ ದಾಖಲೆಯನ್ನೆಲ್ಲ ಜಾಲಾಡಿ ಎಣಿಸಬೇಕಾದ್ದರಿಂದ ಪ್ರತಿ ಸಲ ಎರಡು ಸೆಕೆಂಡು ಕಾಯಬೇಕಿತ್ತು. ಎರಡು ಸೆಕೆಂಡು! ನನಗೆ ತಡೆಯಲಿಲ್ಲ. ಎಣಿಕೆಯನ್ನೇ ಕಿತ್ತು ಹಾಕಿದೆ. ಪುಟ ಚಕ್ಕನೆ ತೆರೆಯತೊಡಗಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು, ಸರೋಜಕ್ಕ ಫೋನು ಮಾಡಲು ಕೂತರು. ದಿನಕ್ಕೆ ಒಂದು ಪುಟ, ಸಂಜೆ ಇಪ್ಪತ್ತಕ್ಕೂ ಒಟ್ಟಿಗೆ ಗುರುತು, ಮರುದಿನ ಮುಂದಿನ ಪುಟ. ಮೂವತ್ತು ದಿನದ ಕೆಲಸ. ಆದರೆ ಹದಿನೈದನೇ ದಿನ ಅವರಿಂದ ನನಗೆ ಫೋನು ಬಂತು.

“ಚೈತ್ರಾ, ಮುಗುದೋಯ್ತು ಕಣಮ್ಮ! ಹದಿನಾರನೇ ಪುಟ ಖಾಲಿ ಬತ್ತಾ ಐತೆ.”

ಅರ್ಧಕ್ಕರ್ಧ ಸಮಯದಲ್ಲಿ! ನಾನು ಕೂಗಿದ ಕೂಗಿಗೆ ಕೆಳಗಿನ ಬೇಕರಿಯವರು ತಲೆ ಎತ್ತಿ ನೋಡಿದರು. ಕೆಲಸ ಬೇಗ ಯಾಕೆ ಮುಗಿಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ತಡವಾದರೆ ಕಾರಣ ಕೇಳುತ್ತೇವೆ, ಬೇಗ ಮುಗಿದರೆ ಯಾರು ಕೇಳುತ್ತಾರೆ? ಟ್ರಸ್ಟಿನ ಹಿರಿಯರು ನನ್ನನ್ನೂ ಇರ್ಫಾನನನ್ನೂ ಕರೆಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಆ ಶಾಲು ಹೊದ್ದುಕೊಂಡು ತೆಗೆಸಿಕೊಂಡ ಫೋಟೋವನ್ನು ಅಮ್ಮ ಬಂಧುಬಳಗಕ್ಕೆಲ್ಲ ಕಳಿಸಿದರು. ಅಷ್ಟರಲ್ಲಿ ಹೊಸ ಶಿಬಿರದ ಹೆಸರುಗಳು ಬಂದವು. ಅವು ಪಟ್ಟಿಯ ಕೊನೆಗೆ, ಹದಿನಾರನೇ ಪುಟದಿಂದ ಸೇರಿಕೊಂಡವು. ಸರೋಜಕ್ಕ ಅಲ್ಲಿಂದ ಮುಂದುವರಿಸಿದರು.

ಆಗಸ್ಟಿನ ಒಂದು ಮಧ್ಯಾಹ್ನ ನಾನು ಕೆಂಪಾಪುರಕ್ಕೆ ಹೋಗಿದ್ದೆ. ಪ್ರಿಂಟರ್ ಕೈಕೊಟ್ಟಿತ್ತು. ಮೇಜಿನ ಕೆಳಗೆ ಬಗ್ಗಿ ವೈರು ಸಿಕ್ಕಿಸುತ್ತಿದ್ದಾಗ ಮೇಲೆ ಒಂದು ಒರಟು ದನಿ ಕೇಳಿಸಿತು.

“ಸಾಲಲ್ಲಿ ನನ್ಗಿಂತ ಏಳೆಂಟ್ ಜನ ಇಂದ್ಗಡೆ ನಿಂತಿದ್ದ ಜಯಮ್ಮನ್ದು ಆಗೋಯ್ತು. ನಂದ್ಯಾಕೆ ಆಗ್ಲಿಲ್ಲ?”

ಎದ್ದು ನೋಡಿದೆ. ಐವತ್ತೈದು ದಾಟಿದ ಹೆಂಗಸು. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಸೆರಗಿನ ತುದಿಯಿಂದ ಒತ್ತಿಕೊಳ್ಳುತ್ತಿದ್ದರು. ಹೆಸರು ನರಸಮ್ಮ, ಅಬ್ಬಿಗೆರೆಯವರು, ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಯುಗಾದಿಗೆ ಮುಂಚಿನ ಶಿಬಿರದಲ್ಲಿ ಹೆಸರು ಬರೆಸಿದ್ದರು. ಕೈಯಲ್ಲಿ ಮಡಿಸಿ ಮಡಿಸಿ ನಾಲ್ಕು ಚೂರಾಗಲಿದ್ದ ಚೀಟಿ. ಅದರ ಮೇಲೆ ಮೂವತ್ನಾಲ್ಕು ಎಂಬ ಸಂಖ್ಯೆ, ಆಸ್ಪತ್ರೆಯ ಮುದ್ರೆ.

ಸರೋಜಕ್ಕ ಹುಡುಕುವ ಚೌಕದಲ್ಲಿ ಹೆಸರು ಹಾಕಿದರು. ಬರಲಿಲ್ಲ. ಸಂಖ್ಯೆ ಹಾಕಿದರು. ಬರಲಿಲ್ಲ. ನಾನು ಕೀಬೋರ್ಡ್ ಎಳೆದುಕೊಂಡು ಹಾಕಿದೆ. ‘ಯಾವ ಹೆಸರೂ ಸಿಗಲಿಲ್ಲ’ ಎಂದಿತು. ನನಗೆ ಮೂರು ಗಂಟೆಗೆ ಇನ್ನೊಂದು ಕಡೆ ಹೋಗಬೇಕಿತ್ತು, ಹೊರಗೆ ಮೋಡ ಕವಿದಿತ್ತು, ಬ್ಯಾಗ್ ಆಗಲೇ ಹೆಗಲಿಗೇರಿತ್ತು.

“ನಿಮ್ ಹೆಸರಿಲ್ಲ ಅಮ್ಮ. ಹೊಸದಾಗಿ ಬರೆಸಿ, ಸರದಿ ಬಂದಾಗ ಕರೀತಾರೆ.”

“ಕಾಯಾಕೆ ನನ್ತಾವ ದಿನ ಇಲ್ಲ. ಮೇಸ್ತ್ರಿ ಏಳ್ಬುಟ್ಟವ್ನೆ, ಒಳ್ಳೇ ರಾಶೀಗೆ ಇನ್ನೊಂದ್ ಕೊಳ್ತಿದ್ದು ಸೇರುದ್ರೆ ಬರ್ಬ್ಯಾಡ ಅಂತ. ಒಂದ್ ವಾರದಿಂದ ಈ ಕಣ್ಣು ಸೂಜಿ ಚುಚ್ದಂಗೆ ನೋಯ್ತಾ ಐತೆ. ಸರ್ಯಾಗ್ ನೋಡವ್ವ, ಬರ್ದವ್ರೆ.”

“ಕಂಪ್ಯೂಟರ್ ಸುಳ್ಳು ಹೇಳಲ್ಲ ಅಮ್ಮ.”

ಅವರು ನನ್ನ ದಿಕ್ಕಿಗೆ ಮುಖ ತಿರುಗಿಸಿದರು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. “ಅಂಗಾರೆ ಈ ಚೀಟಿ ಸುಳ್ಳೇಳ್ತೈತಾ?” ಎಂದರು. ಡಾಕ್ಟರ್ ಆ ದಿನ ಶಿಬಿರಕ್ಕೆ ಹೋಗಿದ್ದರು. ಸರೋಜಕ್ಕ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಅಕ್ಷರ ನಂದೇಯ” ಎಂದು ಸಣ್ಣ ದನಿಯಲ್ಲಿ ಹೇಳಿದರು. ಹೆಸರು ಏರಿಸುವಾಗ ತಮ್ಮ ಕೈಯಲ್ಲೇ ಬಿಟ್ಟುಹೋಯಿತೇನೋ ಎಂಬ ಅಳುಕು ಅವರಿಗೆ. ನರಸಮ್ಮ ಹೊಸದಾಗಿ ಬರೆಸಲಿಲ್ಲ. ಚೀಟಿ ವಾಪಸು ಕಿತ್ತುಕೊಂಡು ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ ಹೊರಟುಹೋದರು.

ಸಂಜೆ ಹೆಬ್ಬಾಳದಲ್ಲಿ ಮಳೆಗೆ ಸಿಕ್ಕಿಕೊಂಡೆ. ಫ್ಲೈಓವರಿನ ಕೆಳಗೆ ನೂರಾರು ಸ್ಕೂಟರುಗಳ ನಡುವೆ ನನ್ನದೂ ಒಂದು. ಮುಕ್ಕಾಲು ಗಂಟೆ ಒಂದಡಿ ಅಲುಗಲಿಲ್ಲ. ಬೇರೆ ದಿನವಾಗಿದ್ದರೆ ಮಳೆಯನ್ನೂ ಮುಂದಿನ ಕಾರಿನವನನ್ನೂ ಬೈದುಕೊಳ್ಳುತ್ತಿದ್ದೆ. ಅವತ್ತು ತಲೆಯಲ್ಲಿ ಇನ್ನೇನೋ ಕೊರೆಯುತ್ತಿತ್ತು. ಚೀಟಿ ಇದೆ, ಮುದ್ರೆ ಇದೆ, ಅಕ್ಷರ ಸರೋಜಕ್ಕನದೇ. ಹಿಂದೆ ನಿಂತಿದ್ದವಳಿಗೆ ಆಪರೇಷನ್ ಆಗಿದೆ. ಹಾಗಾದರೆ ಸುಳ್ಳು ಹೇಳಿದ್ದು ಯಾರು?

ಬೆಳಿಗ್ಗೆ ಆಫೀಸಿಗೆ ಓಡಿದವಳೇ ಆ್ಯಪನ್ನು ಬದಿಗಿಟ್ಟು ನೇರವಾಗಿ ಅದರ ಹಿಂದಿನ ದಾಖಲೆಯನ್ನೇ ತೆರೆದೆ. ನರಸಮ್ಮ, ಅಬ್ಬಿಗೆರೆ, ಮೂವತ್ನಾಲ್ಕು. ಇದ್ದಾರೆ! ಪಕ್ಕದಲ್ಲಿ: ಕರೆದಿಲ್ಲ.

ಹೆಸರಿದ್ದೂ ಯಾಕೆ ಸಿಗಲಿಲ್ಲ ಎಂಬುದು ಐದೇ ನಿಮಿಷದಲ್ಲಿ ಹೊಳೆಯಿತು. ನಾನು ಬರೆದ ಹುಡುಕಾಟ ಪರದೆಯ ಮೇಲಿರುವ ಇಪ್ಪತ್ತು ಹೆಸರಿನಲ್ಲಷ್ಟೇ ಹುಡುಕುತ್ತಿತ್ತು. ಪೂರ್ತಿ ಪಟ್ಟಿಯಲ್ಲಿ ಹುಡುಕುವುದನ್ನು ಆಮೇಲೆ ಮಾಡೋಣ ಎಂದು ಬಿಟ್ಟಿದ್ದೆ. ಆ ‘ಆಮೇಲೆ’ ಬಂದಿರಲೇ ಇಲ್ಲ. ಹತ್ತು ಗಂಟೆಯೊಳಗೆ ಸರಿಪಡಿಸಿ, ಇರ್ಫಾನನಿಗೆ ಹೇಳಿದೆ.

“ಸರಿ ಗುರು, ಹುಡುಕೋದು ಸರಿ ಹೋಯ್ತು” ಎಂದ ಅವನು, ಟೀ ಲೋಟ ಕೆಳಗಿಟ್ಟು. “ಆದ್ರೆ ಅವರನ್ನ ಯಾಕೆ ಕರೆದಿಲ್ಲ? ಮೂವತ್ನಾಲ್ಕು ಅಂದ್ರೆ ಎರಡನೇ ದಿನಾನೇ ಕರೀಬೇಕಿತ್ತಲ್ವಾ?”

ಮೊದಲಿನ ಆರು ನೂರರಲ್ಲಿ ಕರೆಯದೆ ಉಳಿದವರನ್ನೆಲ್ಲ ತೆಗೆದೆ. ಪರದೆ ತುಂಬಿತು. ಇಪ್ಪತ್ತೊಂದರಿಂದ ನಲವತ್ತು. ಅರವತ್ತೊಂದರಿಂದ ಎಂಬತ್ತು. ನೂರಾ ಒಂದರಿಂದ ನೂರಾ ಇಪ್ಪತ್ತು. ಇಪ್ಪತ್ತು ಬಿಟ್ಟು ಇಪ್ಪತ್ತು, ಇಪ್ಪತ್ತು ಬಿಟ್ಟು ಇಪ್ಪತ್ತು, ಕೊನೆಯವರೆಗೂ. ಮುನ್ನೂರು ಜನ.

ಇರ್ಫಾನ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. ಒಂದು ಹಾಳೆಯ ಮೇಲೆ ಸಾಲಾಗಿ ಚುಕ್ಕೆ ಇಟ್ಟ. “ಜನ ಸಾಲಲ್ಲಿ ನಿಂತವ್ರೆ ಅನ್ಕೋ. ಮೊದಲ ಇಪ್ಪತ್ತು ಜನ ಕೆಲಸ ಮುಗಿಸ್ಕೊಂಡು ಹೋದ್ರು. ಹಿಂದಿನವ್ರು ಏನ್ ಮಾಡ್ತಾರೆ?”

“ಮುಂದೆ ಸರೀತಾರೆ.”

“ಎರಡನೇ ಪುಟ ಅಂದ್ರೆ ನಿನ್ ಆ್ಯಪ್ ಎಲ್ಲಿಂದ ಕರೆಯುತ್ತೆ?”

ಸಾಲಿನಲ್ಲಿ ಈಗ ಇಪ್ಪತ್ತೊಂದನೆಯವರಾಗಿ ನಿಂತಿರುವವರಿಂದ. ಮುಂದೆ ಸರಿದು ಕಿಟಕಿಯ ಬಾಯಿಗೆ ಬಂದು ನಿಂತ ಇಪ್ಪತ್ತು ಜನರನ್ನು ಅದು ನೋಡುವುದೇ ಇಲ್ಲ. ಕರೆದವರನ್ನು ಪಟ್ಟಿಯಿಂದ ಮಾಯ ಮಾಡಿದ್ದು ನಾನು. ಸರೋಜಕ್ಕನೋ, ಹನ್ನೊಂದು ವರ್ಷದ ಅಭ್ಯಾಸದಂತೆ ಮೊದಲ ಪುಟ ಮುಗಿಸಿ ಎರಡಕ್ಕೆ, ಎರಡು ಮುಗಿಸಿ ಮೂರಕ್ಕೆ ಹೋಗಿದ್ದರು. ಕಾಗದದ ಪುಸ್ತಕದಲ್ಲಿ ಗೆರೆ ಎಳೆದ ಹೆಸರು ಜಾಗ ಬಿಟ್ಟು ಕದಲುವುದಿಲ್ಲ. ಮೊದಲ ಪುಟವನ್ನು ಇನ್ನೊಮ್ಮೆ ತೆರೆದಿದ್ದರೂ ಅಲ್ಲೇ ನರಸಮ್ಮ ಕಾಣುತ್ತಿದ್ದರು. ಅದು ತೆರೆಯದಂತೆ, ನಿಲ್ಲಿಸಿದಲ್ಲಿಂದಲೇ ಶುರುವಾಗುವಂತೆ ಮಾಡಿದ್ದೂ ನಾನೇ. ತಲೆಯ ಮೇಲೆ ‘ಇನ್ನೂ ಮುನ್ನೂರು’ ಎಂಬ ಎಣಿಕೆ ಇದ್ದಿದ್ದರೆ ಸರೋಜಕ್ಕ ಹದಿನೈದನೇ ದಿನವೇ ಹಿಡಿಯುತ್ತಿದ್ದರು. ಅದನ್ನು ಕಿತ್ತದ್ದು ಎರಡು ಸೆಕೆಂಡಿಗಾಗಿ.

ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಶಾಲು ಹೊದ್ದ ಫೋಟೋ ನೆನಪಾಗಿ ಅವಮಾನದಿಂದ ಮೈಯೆಲ್ಲ ಬಿಸಿಯಾಯಿತು.

ಸರೋಜಕ್ಕನಿಗೆ ಹೇಳಲು ಅವತ್ತೇ ಹೋದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು” ಎಂದು ಎದ್ದು, ಬೀರುವಿನಿಂದ ಹಳೇ ಪುಸ್ತಕ ತೆಗೆದು ಮೇಜಿನ ಮೇಲೆ ಧೂಳು ಹಾರುವಂತೆ ಹಾಕಿದರು. “ಗೆರೆ ಎಳುದ್ರೆ ಸಾಕು ಅಂತ ಅವತ್ತೇ ಏಳ್ಲಿಲ್ವಾ ನಿಂಗೆ? ಮುನ್ನೂರು ಜನ ಕಣಮ್ಮ! ನಾನ್ ಫೋನ್ ಮಾಡ್ತೀನಿ ಅಂತ ಕಾಯ್ತಾ ಕುಂತವ್ರೆ.” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗಾದ್ರೂ ಬುದ್ಧಿ ಬ್ಯಾಡ್ವಾ? ಅದಿನೈದ್ ದಿನಕ್ಕೆ ಮುಗ್ದಾಗ ಇಗ್ಗಿದ್ದೇ ಇಗ್ಗಿದ್ದು” ಎಂದರು.

ಎರಡು ದಿನ ಇಬ್ಬರೂ ಎರಡು ಫೋನು ಹಿಡಿದು ಕೂತೆವು. ‘ತಾಂತ್ರಿಕ ಕಾರಣದಿಂದ ತಡವಾಯಿತು’ ಎನ್ನು, ಅದಕ್ಕಿಂತ ಜಾಸ್ತಿ ಬೇಡ ಎಂದು ಇರ್ಫಾನ್ ಹೇಳಿಕೊಟ್ಟಿದ್ದ. ಹಾಗೇ ಹೇಳಿದೆ. ಕೆಲವರು ಬೇರೆ ಕಡೆ ಮಾಡಿಸಿಕೊಂಡಿದ್ದರು. ಕೆಲವರು ಸಂತೋಷಪಟ್ಟರು, ಅದು ಇನ್ನೂ ಹಿಂಸೆ. ಒಬ್ಬ ಮಗ ಮಾತ್ರ ಪೂರ್ತಿ ಕೇಳಿಸಿಕೊಂಡು, “ಹೋದ್ ತಿಂಗಳು ನಮ್ಮಮ್ಮ ಮೆಟ್ಲು ಕಾಣ್ದೆ ಬಿದ್ದು ಸೊಂಟ ಮುರ್ಕೊಂಡ್ರು. ಈಗ್ ಕರೀತಿದೀರಾ?” ಎಂದು ಇಟ್ಟುಬಿಟ್ಟ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಂತು, ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಮಾತಾಡಿದೆ.

ನರಸಮ್ಮ ಕೊಟ್ಟಿದ್ದ ನಂಬರು ಚಾಲ್ತಿಯಲ್ಲಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸ್ಕೂಟರ್ ತೆಗೆದು ಅಬ್ಬಿಗೆರೆಗೆ ಹೋದೆ. ಆರೇಳು ಬೀದಿ ಸುತ್ತಿದ ಮೇಲೆ ಜಯಮ್ಮ ಸಿಕ್ಕರು, ಸಾಲಿನಲ್ಲಿ ಹಿಂದೆ ನಿಂತಿದ್ದವರು. ಆಪರೇಷನ್ ಆದ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನರಸಮ್ಮ ಯಾರ್ಡಿಗೋಗವ್ಳೆ. ರಾತ್ರಿಯೆಲ್ಲ ತಲೆನೋವು ಅಂತ ವಾಂತಿ ಮಾಡ್ಕಂತಿದ್ಲು, ಆದ್ರೂ ಓದ್ಲು” ಎಂದರು.

ಯಶವಂತಪುರದ ಯಾರ್ಡಿನಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು ಮತ್ತು ಈರುಳ್ಳಿ ಸಿಪ್ಪೆ. ಲಾರಿಗಳ ಹಾರ್ನು, ಹಮಾಲರ ಕೂಗು. ಶೆಡ್ಡಿನ ಕೆಳಗೆ ರಾಶಿ ರಾಶಿಯ ಸುತ್ತ ಹೆಂಗಸರು ಕೂತಿದ್ದರು. ಕೊನೆಯ ರಾಶಿಯ ಹತ್ತಿರ ನರಸಮ್ಮ. ರಾಶಿಯ ಕಡೆ ನೋಡುತ್ತಲೇ ಇರಲಿಲ್ಲ. ಮುಖ ಎತ್ತಿ, ಎಡಗಣ್ಣು ಮುಚ್ಚಿ, ಬೆರಳಿನಿಂದ ಒಂದೊಂದು ಗಡ್ಡೆಯ ಕತ್ತನ್ನು ಅಮುಕಿ ನೋಡಿ ದೊಡ್ಡದು, ಸಣ್ಣದು, ಕೊಳೆತದ್ದು ಎಂದು ಮೂರು ಕಡೆಗೆ ಹಾಕುತ್ತಿದ್ದರು.

“ನರಸಮ್ಮ, ಕಣ್ಣಾಸ್ಪತ್ರೆಯಿಂದ ಬಂದಿದೀನಿ. ಈಗ್ಲೇ ಹೊರಡಬೇಕು.”

ಕೈ ನಿಂತಿತು. “ಈ ದನಿ ಗೊತ್ತು. ಕಂಪ್ಯೂಟ್ರು ಸುಳ್ಳೇಳಾಕಿಲ್ಲ ಅಂದೋಳಲ್ವಾ ನೀನು?”

“ಹೂಂ ಅಮ್ಮ.” ಅಲ್ಲೇ ಗೋಣಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತೆ. ತಾಂತ್ರಿಕ ಕಾರಣ ಎನ್ನಲು ಬಾಯಿ ಬರಲಿಲ್ಲ. “ನಿಮ್ ಹೆಸರು ಇತ್ತು. ಆ ಲಿಸ್ಟ್ ಮಾಡಿದ್ದು ನಾನೇ. ನಿಮ್ಮ ಹೆಸರು ಕಾಣದ ಹಾಗೆ ಆಗಿದ್ದು ನನ್ ತಪ್ಪಿಂದ. ಕಂಪ್ಯೂಟರ್‌ದಲ್ಲ, ಸರೋಜಕ್ಕಂದೂ ಅಲ್ಲ.”

ಅವರು ಮತ್ತೆ ಆರಿಸತೊಡಗಿದರು. ಎದ್ದೇಳಿ ಅಮ್ಮ ಎಂದು ಅಂಗಲಾಚಿದೆ. “ಈ ರಾಶಿ ಮುಗೀಲಿ. ಅರ್ಧಕ್ಕೆ ಬುಟ್ಟೋದ್ರೆ ನಾಳೆ ನಂಗ್ ಜಾಗ ಇರಾಕಿಲ್ಲ” ಎಂದರು. ಸುಮ್ಮನಿರಲಾಗದೆ ನಾನೂ ಕೈ ಹಾಕಿದೆ. ನಾನು ಒಳ್ಳೆಯದೆಂದು ಹಾಕಿದ ನಾಲ್ಕರಲ್ಲಿ ಎರಡನ್ನು ಅವರು ತಡವಿ ವಾಪಸು ಎಸೆದರು. “ಬ್ಯಾಡ ಬುಡು. ನೀನ್ ಆರ್ಸಿದ್ನ ಮತ್ತೆ ಆರಿಸ್ಬೇಕು.”

ಅರ್ಧ ಗಂಟೆಯಲ್ಲಿ ರಾಶಿ ಕರಗಿತು. ಮುಗಿಯಿತೆಂದು ನಾನು ಎದ್ದರೆ ಅವರು ಏಳಲಿಲ್ಲ. ಖಾಲಿ ನೆಲದ ಮೇಲೆ ಎರಡೂ ಅಂಗೈ ಬಿಡಿಸಿ ಸಿಪ್ಪೆಯನ್ನೆಲ್ಲ ನಿಧಾನವಾಗಿ ಬಾಚಿದರು. ಸಿಪ್ಪೆಯಡಿಯಿಂದ ಐದಾರು ಈರುಳ್ಳಿ ಎದ್ದು ಬಂದವು.

“ಆರ್ಸಾದ್ಮೇಲೆ ನಾವು ನೆಲ ತಡವ್ತೀವಿ, ಉಳ್ದದ್ದು ಏನೈತೆ ಅಂತ” ಎಂದರು. “ನಿಮ್ಮಲ್ಲಿ ತಡವಾಕಿಲ್ವಾ?”

“ತಡವ್ಲಿಲ್ಲ ಅಮ್ಮ” ಎಂದೆ. ಅಳು ಬಂತು. ಹಾರ್ನುಗಳ ಗದ್ದಲದಲ್ಲಿ ಅತ್ತೆ.

ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಂಪಾಪುರಕ್ಕೆ ಹೇಗೆ ತಲುಪಿದೆನೋ. ಹೆಬ್ಬಾಳದಲ್ಲಿ ಫುಟ್‌ಪಾತಿನ ಮೇಲೂ ಓಡಿಸಿದೆ. ನನ್ನ ಸೊಂಟ ಹಿಡಿದ ಕೈಯ ಹಿಡಿತ ಉದ್ದಕ್ಕೂ ಸಡಿಲವಾಗಲಿಲ್ಲ. ಡಾಕ್ಟರಮ್ಮ ಎಡಗಣ್ಣಿಗೆ ದೀಪ ಹಿಡಿದು ನೋಡಿ, ಮತ್ತೆ ನೋಡಿ, ನನ್ನನ್ನು ಹೊರಗೆ ಕರೆದರು. ಪೊರೆ ಬಲಿತು, ಕಣ್ಣಿನೊಳಗೆ ಒತ್ತಡ ಏರಿ, ನರವೇ ಸತ್ತುಹೋಗಿತ್ತು. ನೋವು ಇಳಿಸಬಹುದು, ನೋಟ ಬರುವುದಿಲ್ಲ. ಬಲಗಣ್ಣಿಗೆ ಆಪರೇಷನ್ ಮಾಡಿದರೆ ಅದು ಉಳಿಯುತ್ತದೆ.

“ಜೂನಲ್ಲೇ ಬಂದಿದ್ದರೆ?” ಎಂದೆ. ಕೇಳಬಾರದಿತ್ತು, ಕೇಳದೆ ಇರಲೂ ಆಗಲಿಲ್ಲ.

“ಎರಡೂ ಉಳೀತಿತ್ತು” ಎಂದರು ಡಾಕ್ಟರಮ್ಮ. ಆಮೇಲೆ ಅದನ್ನು ಅವರೇ ನರಸಮ್ಮನಿಗೂ ಹೇಳಿದರು.

ಆ ವಾರ ಆ್ಯಪನ್ನು ಪೂರ್ತಿ ಬಿಚ್ಚಿ ಕಟ್ಟಿದೆ. ಕರೆದವರ ಹೆಸರು ಈಗ ಹೋಗುವುದಿಲ್ಲ, ಮೇಲೆ ಕೆಂಪು ಗೆರೆ ಬೀಳುತ್ತದೆ. ಮುಂದಿನ ಪುಟ ಎಣಿಕೆಯಿಂದ ಶುರುವಾಗುವುದಿಲ್ಲ, ಕೊನೆಗೆ ಕಂಡ ಚೀಟಿ ಸಂಖ್ಯೆಯ ನಂತರದವರಿಂದ ಶುರುವಾಗುತ್ತದೆ. ಹುಡುಕಿದರೆ ಇಡೀ ಪಟ್ಟಿಯಲ್ಲಿ ಹುಡುಕುತ್ತದೆ. ತಲೆಯ ಮೇಲೆ ‘ಇನ್ನೂ ಕರೆಯದವರು’ ಎಂಬ ಸಂಖ್ಯೆ ಇದೆ, ಎರಡು ಸೆಕೆಂಡು ಕಾಯಬೇಕು. ಕಾಯುತ್ತಾರೆ. ಉಳಿದ ಫೋನುಗಳನ್ನೂ ಮಾಡಿ ಮುಗಿಸಿದೆವು. ನಾನು ಮಾಡಿದ್ದಕ್ಕೆಲ್ಲ, ತಡವಾದದ್ದು ನನ್ನ ತಪ್ಪಿನಿಂದ ಎಂದೇ ಹೇಳಿದೆ. ಇರ್ಫಾನ್ ಪಕ್ಕದಲ್ಲಿ ಕೂತು ಕೇಳಿಸಿಕೊಂಡ, ಬೇಡವೆನ್ನಲಿಲ್ಲ. ಟ್ರಸ್ಟಿನ ಹಿರಿಯರಿಗೆ ಅವನೇ ಹೋಗಿ ಎಲ್ಲ ಹೇಳಿ ಬೈಸಿಕೊಂಡು ಬಂದ.

ನರಸಮ್ಮನ ಬಲಗಣ್ಣಿನ ಆಪರೇಷನ್ನಿಗೆ ಎಡಗಣ್ಣಿನ ನೋವು ಇಳಿಯುವವರೆಗೆ ಕಾಯಬೇಕಾಯಿತು. ಮಾಡಿದ ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚುವಾಗ ನಾನು ಎದುರಿಗೇ ಇದ್ದೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಏನು ಹೇಳಬೇಕೆಂದು ಹತ್ತು ಸಲ ಮನಸ್ಸಿನಲ್ಲೇ ಉರು ಹೊಡೆಯುತ್ತ ನಿಂತಿದ್ದೆ. ಅವರು ಮೊದಲು ತಮ್ಮ ಬೆರಳುಗಳನ್ನು ನೋಡಿಕೊಂಡರು. ಉಗುರಿನ ಸಂದಿಯ ಕಪ್ಪನ್ನು ಇನ್ನೊಂದು ಉಗುರಿನಿಂದ ಕೆರೆದರು. ಆಮೇಲೆ ಕಿಟಕಿ, ಸರೋಜಕ್ಕ, ಗೋಡೆಯ ಗಡಿಯಾರ. ಕೊನೆಗೆ ನಾನು.

“ನೀನೇನಾ ಅವ್ಳು?”

“ಹೂಂ ಅಮ್ಮ.”

“ದನಿ ಕೇಳಿ ಯಾರೋ ದೊಡ್ಡ ಆಪೀಸರಮ್ಮ ಅನ್ಕಂಡಿದ್ದೆ. ನನ್ ಕಿರೀ ಸೊಸೆ ವಯಸ್ಸು ನಿಂಗೆ.” ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಉರು ಹೊಡೆದ ಮಾತು ಹೇಳಲು ಬಾಯಿ ತೆರೆದೆ. ಸುಮ್ಮನಿರು ಎನ್ನುವಂತೆ ಕೈ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಒಂದ್ ಕಣ್ಣು ಕೊಡಿಸ್ದೆ, ಒಂದ್ ಕಣ್ಣು ಕಳುದೆ. ಸಮ ಆಯ್ತು ಅಂತ ಮಾತ್ರ ಅನ್ಕಬ್ಯಾಡ.”

“ಇಲ್ಲಮ್ಮ, ಅನ್ಕೊಳ್ಳಲ್ಲ” ಎಂದೆ.

ಇವತ್ತಿನವರೆಗೂ ಅಂದುಕೊಂಡಿಲ್ಲ.